ರೈನ್ ನದಿಯ ರಾಣಿಯರು

ಜರ್ಮನಿಯ ರೈನ್ ನದಿಯಲ್ಲಿ ನಮ್ಮ ಹಡಗು ಹಳೆಯ ಊರುಗಳನ್ನು ಒಂದೊಂದಾಗಿ ದಾಟುತ್ತಿದೆ. ಗೈಡಮ್ಮ ಮೈಕಿನಲ್ಲಿ ಹೇಳುವ ಇಂಗ್ಲಿಷು, ಬರೀ ಹೈಸ್ಕೂಲು ಓದಿದ ನನಗೆ ಒಂದಕ್ಷರವೂ ಹತ್ತುತ್ತಿಲ್ಲ. ಆದರೆ ಗುಬ್ಬಿಯಿಂದ ಹೊರಡುವಾಗ, “ಎಲ್ಲಾ ಕನ್ನಡದಲ್ಲಿ ಹೇಳ್ತೀನಿ ಬಾ” ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಅದಕ್ಕೇ ಬೆಳಗಿನಿಂದ ಕಂಡ ಕೋಟೆಗೆಲ್ಲ ಒಬ್ಬೊಬ್ಬ ರಾಣಿಯ ಕಥೆ ಕಟ್ಟಿ ಹೇಳಿದೆ. ಐದನೆಯ ಕೋಟೆ ಬರುವಷ್ಟರಲ್ಲಿ, ಕಣ್ಣರಳಿಸಿ ಕೇಳುವ ಅವಳ ಮುಖ ನೋಡಲಾಗದೆ, “ಎಲ್ಲಾ ಸುಳ್ಳು ಕಣೇ, ತಪ್ಪಾಯ್ತು” ಎಂದುಬಿಟ್ಟೆ.

ಅವಳು ಬಿದ್ದು ಬಿದ್ದು ನಕ್ಕಳು. “ಎರಡನೇ ಕೋಟೇಲೇ ಗೊತ್ತಾಯ್ತು ಬುಡಿ. ಈ ದೇಶದ ರಾಣೀರೂ ನಮ್ಮ ಕುಣಿಗಲ್‌ನೋರ ಥರ ಬರೀ ಕೆರೆ ಕಟ್ಟಿಸ್ತಾರೇನ್ರೀ? ಅಗೋ, ಮುಂದಿನ ಕೋಟೆ ಬಂತು, ಹೇಳಿ. ಈ ರಾಣಿಗಾದ್ರೂ ಒಂದ್ ಜೊತೆ ಓಲೆ ಮಾಡ್ಸಾಕಿ!”

ಮಾಡಿಸಿ ಹಾಕಿದೆ, ಕೆಂಪು ಹರಳಿನವು.