ಹೆಣ್ಣು ನೋಡಲು ಸುಲಿಸಿಕೊಂಡ ಮುಖ

ಎಪ್ಪತ್ತರ ದಶಕದ ಮಾತು. ಮೊಡವೆ ಕಲೆ ಹೋಗಲೆಂದು ಡಾಕ್ಟರು ನನ್ನ ಮುಖಕ್ಕೆ ಔಷಧಿ ಹಚ್ಚಿದ್ದರು. ಹಳೇ ಚರ್ಮ ಸುಲಿದು ಹೊಸದು ಬರುತ್ತದಂತೆ. ಹೆಣ್ಣು ನೋಡಲು ಹೊಸದುರ್ಗದ ಬಸ್ಸು ಹತ್ತಿದ ದಿನವೇ ಅದು ಸುಲಿಯತೊಡಗಿತು.

ಪಕ್ಕದಲ್ಲಿ ಕೂತಿದ್ದ ಕುರಿ ಕಾಯುವ ಅಜ್ಜಿ ಕೇಳಿದಳು: "ಏನಪ್ಪ, ಕಜ್ಜಿಯಾ?"

"ಇಲ್ಲಜ್ಜಿ, ಚೆಂದ ಕಾಣ್ಲಿ ಅಂತ ಸುಲಿಸ್ಕೊಂಡೀನಿ."

"ನಮ್ಮ ಕುರಿಗೆ ಪುಕ್ಕಟೆ ಸುಲೀತೈತೆ!" ಎಂದು ನಕ್ಕವಳೇ, ಬೇಡವೆಂದರೂ ಚೀಲದಿಂದ ಕುರಿ ಕಜ್ಜಿಗೆ ಹಚ್ಚುವ ಹೊಂಗೆ ಎಣ್ಣೆ ತೆಗೆದು ನನ್ನ ಕೆನ್ನೆಗೆ ಬಳಿದಳು.

ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಹುಡುಗಿಯ ಅಪ್ಪ ಕುರಿ ಸಾಕುವವರು. ಮೂಗರಳಿಸಿ, ಮನೆಯವರಿಗೆಲ್ಲ ಕೇಳುವಂತೆ ಹೇಳಿದರು: "ಆಫೀಸಿನಾಗಿದ್ರೂ ಹುಡುಗ ಕುರಿ ಬಿಟ್ಟಿಲ್ಲ ನೋಡ್ರಿ!"

ಹೆಣ್ಣು ಕೊಟ್ಟರು. ಒಂದು ಕುರಿಯನ್ನೂ ಮೇಯಿಸದ ನನಗೆ, ಮಂದೆಯಲ್ಲಿ ಯಾವುದಕ್ಕೆ ಕಜ್ಜಿಯಾದರೂ ಮಾವನ ಮನೆಯವರು ಇವತ್ತಿಗೂ ಹೇಳಿ ಕಳಿಸುತ್ತಾರೆ.