ಟಬ್ಬಿನಲ್ಲಿ ಮಾಡಿದ ಸಮುದ್ರ

ಟಬ್ಬಿನ ಮುಂದೆ ಕೂತ ಎರಡು ವರ್ಷದ ಮಗಳು ನೀಲಿ ಸಬ್ಬಕ್ಕಿಗೆ ಕೈ ಹಾಕಲಿಲ್ಲ. ಎರಡೂ ಅಂಗೈ ಚಾಚಿ ನನ್ನತ್ತ ನೋಡಿ, “ಅಮ್ಮಾ, ಸ್ಪ್ರೇ ಫಸ್ಟ್” ಎಂದಳು.

ಲಾಕ್‌ಡೌನ್ ಆದಾಗಿನಿಂದ ಪುಚೊಂಗ್ ಊರಿನ ನಮ್ಮ ಕಾಂಡೋ ಫ್ಲ್ಯಾಟಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು. ವೈದ್ಯರಾದ ಗಂಡ ಆಸ್ಪತ್ರೆಯಿಂದ ಬಂದರೂ ಬೇರೆ ಕೋಣೆಯಲ್ಲೇ ಇರುತ್ತಿದ್ದರು. ದಿನವಿಡೀ ಮಗಳನ್ನು ಆಡಿಸಿ ಆಡಿಸಿ ನನ್ನಲ್ಲಿದ್ದ ಆಟಗಳೆಲ್ಲ ಮುಗಿದುಹೋಗಿದ್ದವು. ಅವತ್ತು ಸಬ್ಬಕ್ಕಿ ಬೇಯಿಸಿ ಆರಿಸಿ, ನೀಲಿ ಬಣ್ಣ ಬೆರೆಸಿ, ಪ್ಲಾಸ್ಟಿಕ್ ಮೀನು, ಆಮೆಗಳನ್ನು ಬಿಟ್ಟು ಸಮುದ್ರ ಮಾಡಿದ್ದೆ. ಅವಳು ಅದರಲ್ಲಿ ಅರ್ಧ ಗಂಟೆ ಆಡಿಕೊಂಡರೆ ಗೋಡೆಗೊರಗಿ ಕಣ್ಣು ಮುಚ್ಚಬಹುದು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಸ್ಯಾನಿಟೈಸರ್ ಹಾಕಿಕೊಳ್ಳದೆ ಏನನ್ನೂ ಮುಟ್ಟಬಾರದೆಂದು ಅವಳು ನಮ್ಮನ್ನು ನೋಡಿಯೇ ಕಲಿತಿದ್ದಳು. “ಇದಕ್ಕೆ ಬೇಡ ಪುಟ್ಟಾ, ನಾವೇ ಮಾಡಿದ್ದಲ್ವಾ” ಎಂದೆ. ಚಾಚಿದ ಅಂಗೈ ಹಾಗೇ ಇತ್ತು. ಒಪ್ಪಿಸುತ್ತ ಕೂರಲು ನನ್ನಲ್ಲಿ ತ್ರಾಣವಿರಲಿಲ್ಲ. ಅವಳ ಎದುರು ಕೂತು ನನ್ನ ಎರಡೂ ಕೈಗಳನ್ನು ಸಬ್ಬಕ್ಕಿಯಲ್ಲಿ ಮುಳುಗಿಸಿದೆ. ತಣ್ಣಗೆ, ಮೆತ್ತಗೆ ಇತ್ತು. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದವಳು ಕೊನೆಗೆ ಒಂದು ಬೆರಳಿಟ್ಟಳು. ಆಮೇಲೆ ಇಡೀ ಕೈ ಇಳಿಸಿ, ಒಳಗೆ ತಡಕಾಡಿ, ನನ್ನ ಬೆರಳುಗಳನ್ನು ಹುಡುಕಿ ಹಿಡಿದುಕೊಂಡಳು. ಮೀನು, ಆಮೆಗಳ ಕಡೆ ನೋಡಲೇ ಇಲ್ಲ.

ಅವಳಾಗಿ ಬಿಡುವ ತನಕ ನಾನೂ ಕೈ ತೆಗೆಯಲಿಲ್ಲ. ನಿದ್ದೆ ಸಿಗಲಿಲ್ಲ, ದಣಿವೂ ಇಳಿಯಲಿಲ್ಲ. ಆದರೆ ಆ ದಿನದಿಂದ ಹೊಸ ಹೊಸ ಆಟ ಹುಡುಕುವುದನ್ನು ಬಿಟ್ಟು, ಸುಮ್ಮನೆ ಅವಳ ಪಕ್ಕ ಕೂರುವುದನ್ನು ಕಲಿತೆ.