ಅವರೆಕಾಳು ಹಿತಕಿಸಿದ ಮಾದಪ್ಪನವರು

ಹುಣಸೂರಿನ ಅಚ್ಚುಕೂಟದ ಮಾದಪ್ಪನವರು ಯಾರನ್ನೇ ಪರಿಚಯಿಸಲಿ, ಹೆಸರಿಗಿಂತ ಮೊದಲು ಅವರಿಗೇನು ಬೇಕಾಗಿದೆ ಎಂಬುದನ್ನು ಹೇಳಿಬಿಡುತ್ತಿದ್ದರು. “ಇವ್ರತ್ರ ಕತೆ ಅವೆ, ಅಚ್ಚಾಕ್ಸೋರಿಲ್ಲ. ಗಾವಡಗೆರೆ ಟೀಚರಮ್ಮ” ಎಂದು ಬಂದವರಿಗೆಲ್ಲ ತೋರಿಸುವಾಗ ನಾನು ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದೆ.

ಐವತ್ತರ ದಶಕದ ಮಾತು. ಶಾಲೆ ಬಿಟ್ಟ ಮೇಲೆ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದ ನಾನು, ಹೊಸದಾಗಿ ಓದಲು ಕಲಿತವರಿಗೆಂದೇ ಸಣ್ಣ ಸಣ್ಣ ಕತೆಗಳನ್ನು ಬರೆದಿದ್ದೆ. ಮೈಸೂರಿನ ಪ್ರಕಾಶಕರೊಬ್ಬರು, ಇಂಥದ್ದನ್ನು ಕೊಳ್ಳುವವರಿಲ್ಲ ಎಂದು ಹಿಂದಕ್ಕೆ ಕಳಿಸಿದರು. ಬೇಸತ್ತು ಆ ಹಾಳೆಗಳನ್ನು ಮಾದಪ್ಪನವರ ಮೇಜಿನ ಮೇಲಿಟ್ಟು, “ರದ್ದಿಗೆ ಹಾಕಿ” ಎಂದು ಬಂದಿದ್ದೆ.

ಅವರಲ್ಲಿದ್ದುದು ಕಾಲಲ್ಲಿ ತುಳಿಯುವ ಒಂದೇ ಯಂತ್ರ. ಮದುವೆ ಕಾಗದ, ಹೊಗೆಸೊಪ್ಪಿನ ಅಂಗಡಿಗಳ ರಸೀದಿ, ಅಷ್ಟೇ. ಪುಸ್ತಕ ಹೊರತರುವ ಶಕ್ತಿಯಿಲ್ಲ. ಪುಸ್ತಕದವರೆಂದರೆ ಮಾತ್ರ ಪ್ರಾಣ.

“ಬರ್ಯೋರು ಒಂದ್ಕಡೆ, ಮಾರೋರು ಒಂದ್ಕಡೆ. ಬರೀ ಕಾಗದದಲ್ಲೇ ಮುನಿಸ್ಕತಾರೆ. ಒಂದಿನ ಒಟ್ಗೆ ಕುಂತು ಉಣ್ಲಿ ಬುಡಿ” ಎಂದವರೇ, ಅವರೆಕಾಯಿ ಕಾಲದ ಒಂದು ಭಾನುವಾರ ಎಲ್ಲರನ್ನೂ ಮನೆಗೆ ಕರೆದರು.

ಹತ್ತು ಹನ್ನೆರಡು ಮಂದಿ ಬಂದರು. ನನ್ನ ಕತೆ ವಾಪಸು ಕಳಿಸಿದ್ದ ಪ್ರಕಾಶಕರೂ ಕೋಟು ತೊಟ್ಟು ಬಂದಿದ್ದರು. ಎಲ್ಲರೂ ಗೋಡೆಗೊರಗಿ ಕುಳಿತರು. ಒಬ್ಬರಿಗೂ ಮಾತಿಲ್ಲ. ಮುಂದಿನ ಬಸ್ಸಿಗೆ ಹೊರಟುಬಿಡೋಣವೆನಿಸಿತು ನನಗೆ.

ಆಗ ಮಾದಪ್ಪನವರು ನೆನೆಹಾಕಿದ ಅವರೆಕಾಳಿನ ದೊಡ್ಡ ಪಾತ್ರೆಯನ್ನು ತಂದು ನಡುವೆ ಇಟ್ಟರು. “ಸಾರಿಗೆ ಇನ್ನೂ ಕಾಳು ಹಿತಕಿಲ್ಲ. ಎಲ್ರೂ ಕೈ ಹಾಕಿದ್ರೇ ಊಟ. ಕೋಟು ಬಿಚ್ಚಿ ಸ್ವಾಮಿ!”

ಪ್ರಕಾಶಕರು ಮೊದಲ ಕಾಳು ಹಿತಕಿದ್ದೇ ತಡ, ಬೇಳೆ ಸಿಪ್ಪೆಯಿಂದ ಚಿಮ್ಮಿ ಎದುರಿಗಿದ್ದ ಕೆ.ಆರ್. ನಗರದ ಪುಸ್ತಕದಂಗಡಿಯವರ ಹಣೆಗೆ ಬಡಿಯಿತು. ಅವರು ಹಣೆ ಒರೆಸಿಕೊಂಡು ಹೇಳಿದರು: “ಪುಸ್ತಕ ಕೇಳಿ ಆರು ತಿಂಗಳಾಯ್ತು. ಕಾಳಾದ್ರೂ ಕಳಿಸಿದ್ರಲ್ಲ!”

ಮನೆಯೆಲ್ಲ ನಗು. ಆಮೇಲೆ ಮಾತಿಗೆ ತಡೆಯೇ ಇಲ್ಲ. ಕಾಳು ಹಿತಕುತ್ತಲೇ ಅಂಗಡಿಯವರು, “ಈಗೀಗ ಓದು ಕಲ್ತೋರು ಬಂದು ಪುಸ್ತಕ ಕೇಳ್ತಾರೆ. ಅವ್ರಿಗೆ ಕೊಡಕ್ಕೆ ನನ್ನತ್ರ ಒಂದೂ ಇಲ್ಲ ಕಣ್ರೀ” ಎಂದರು.

ಮಾದಪ್ಪನವರು ತಟ್ಟನೆ ಎದ್ದು ಒಳಗಿನಿಂದ ಒಂದು ಹಾಳೆ ತಂದರು. ನನ್ನ ಮೊದಲ ಕತೆ! ಮದುವೆ ಕಾಗದದ ತಲೆಬರಹಕ್ಕೆಂದು ಇಟ್ಟಿದ್ದ ದಪ್ಪ ಅಚ್ಚುಮೊಳೆಗಳನ್ನೇ ಜೋಡಿಸಿ ಅಚ್ಚು ಹಾಕಿದ್ದರು. ಪ್ರಕಾಶಕರು ಓದಿ ತಲೆಯೆತ್ತಿದರು. “ಬರೆದೋರು ಯಾರು?”

“ನಾನೇ. ನೀವು ವಾಪಸು ಕಳಿಸಿದ್ರಿ” ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ.

“ಓದದೇ ಕಳಿಸ್ದೆ ಕಣಮ್ಮ. ತಪ್ಪಾಯ್ತು.”

ಮುದ್ದೆ, ಹಿತಕಬೇಳೆ ಸಾರು ಬಡಿಸುವ ಹೊತ್ತಿಗೆ ಪುಸ್ತಕ ತರುವುದು ಗಟ್ಟಿಯಾಗಿತ್ತು. ಸಂಜೆಯಾದರೂ ಯಾರೂ ಏಳಲೊಲ್ಲರು. ಮಾದಪ್ಪನವರು ಬಾಗಿಲಲ್ಲಿ ನಿಂತು, ತಮ್ಮ ಮಗಳ ಮದುವೆಯೇ ನಡೆದಷ್ಟು ಖುಷಿಯಲ್ಲಿ ಎಲ್ಲರನ್ನೂ ನೋಡುತ್ತಿದ್ದರು.

ಪುಸ್ತಕ ಬಂದಾಗ ನನಗೆ ದೂರದೂರಿಗೆ ವರ್ಗವಾಗಿತ್ತು. ಹೊರಡುವ ಮುನ್ನ ಮೊದಲ ಪ್ರತಿ ಕೊಡಲು ಹೋದೆ. ಅದೇ ಕೊನೆಯ ಭೇಟಿ. ನಾನು ಮತ್ತೆ ಹುಣಸೂರಿಗೆ ಬರುವಷ್ಟರಲ್ಲಿ ಅವರು ಇರಲಿಲ್ಲ. ಪ್ರತಿ ಕೊಟ್ಟ ಆ ದಿನ ಅವರು ಪುಸ್ತಕವನ್ನು ನೇರ ಅಡುಗೆಮನೆಗೆ ಒಯ್ದು ಹೆಂಡತಿ ಸಿದ್ದಮ್ಮನವರ ಕೈಗಿತ್ತರು. ಆಕೆ ಸೆರಗಿಗೆ ಕೈ ಒರೆಸಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ಒಂದು ಒತ್ತಕ್ಷರದ ಬಳಿ ತಡವರಿಸಿದಾಗ ಮಾದಪ್ಪನವರು ಹೇಳಿಕೊಡಲು ಬಾಯಿ ತೆರೆದರು.

“ಸುಮ್ಕಿರಿ,” ಎಂದರು ಸಿದ್ದಮ್ಮ, ತಲೆಯೆತ್ತದೆ. “ನಾನೇ ಓದ್ತೀನಿ.”